ಕಾಣುವ ಹಾಡು

ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳ ಮಾತಿಗೆ ಕಿವಿಗೊಡುವ ಅಭ್ಯಾಸವುಳ್ಳ ವಾಚಕರು ಒಂದು ಸಂಗತಿಯನ್ನು ಗಮನಿಸಿಯೇ ಇರಬೇಕು. ಹಿಂದೆ ಒಬ್ಬರನ್ನೊಬ್ಬರು “ಆ ಹಾಡು ಕೇಳಿದೆಯಾ?” ಎಂದು ವಿಚಾರಿಸುತ್ತಿದ್ದೆವು, ಈಗಿನ ಹುಡುಗರು “ಆ ಹಾಡು ನೋಡಿದೆಯಾ?” ಎಂದು ವಿಚಾರಿಸುತ್ತಾರೆ. ಹಾಡು ಕಿವಿಗೆ ವಿಷಯವೇ ಹೊರತು ಕಣ್ಣಿಗೆ ವಿಷಯವಲ್ಲವೆಂದು ತರ್ಕ ಓದಿದವರು ಆಕ್ಷೇಪಿಸಬಹುದು. ಆದರೆ ಆಡುಮಾತು ನಿಷ್ಕಾರಣವಾಗಿ ಬದಲಾಗುವುದಿಲ್ಲ. ಬಾಳು ಮುಂದೆ ಹೋಗಿರುತ್ತದೆ. ಮಾತು ಅದರ ಹೆಜ್ಜೆ ಹಿಡಿದು ಹಿಂದೆ ಬರುತ್ತದೆ. ಮೂರು ನಾಲ್ಕು ನಿಮಿಷಗಳ ಹಾಡೊಂದು ತನಗೆ ಹೊಂದಿಸಿದ ಕುಣಿತ, ವೇಷ, ದೃಶ್ಯಗಳೊಡನೆ ಒಂದೇ ಗಂಟಾಗಿ ಮನೆಯೊಳಕ್ಕೆ ಬರುವ ಪದ್ಧತಿ ಇಂದು ಎಲ್ಲೆಲ್ಲಿಯೂ ಹಬ್ಬಿದೆ. ಇಂಗ್ಲಿಷಿನವರು ಇದಕ್ಕೆ ಮ್ಯೂಸಿಕ್ ವಿಡಿಯೋ ಎಂದು ಹೆಸರಿಟ್ಟಿದ್ದಾರೆ. ನಾವು ಕಾಣುವ ಹಾಡು ಎಂದು ಕರೆದರೆ ಬಾಧಕವಿಲ್ಲ. ಪಶ್ಚಿಮ ದೇಶಗಳ ಜನಪ್ರಿಯ ಸಂಗೀತದಲ್ಲಿಯೂ, ಕುಣಿತಕ್ಕೆಂದೇ ಕಟ್ಟಿದ ಸಂಗೀತದಲ್ಲಿಯೂ ಇದು ಹೇಗೆ ಬೆಳೆಯಿತು, ಇದರಿಂದ ಯಾರಿಗೆ ಲಾಭವಾಯಿತು, ಯಾರಿಗೆ ಅನ್ಯಾಯವಾಯಿತು, ಗೃಹಸ್ಥರಾದ ನಾವು ಇದನ್ನು ಹೇಗೆ ನೋಡತಕ್ಕದ್ದು ಎಂಬುದನ್ನು ಈ ತಿಂಗಳು ವಿಚಾರಮಾಡೋಣ.

ಹಾಡನ್ನು ನೋಡುವುದು ಹೊಸ ಚಾಳಿಯೆಂದು ಮೂಗು ಮುರಿಯುವ ಮುನ್ನ ನಮ್ಮ ಶಾಸ್ತ್ರಗಳನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಹದಿಮೂರನೆಯ ಶತಮಾನದ ಶಾರ್ಙ್ಗದೇವನು ಸಂಗೀತವೆಂಬ ಹೆಸರಿನೊಳಗೆ ಹಾಡಿಕೆ ವಾದ್ಯಗಳನ್ನು ಮಾತ್ರವಲ್ಲದೆ ಕುಣಿತವನ್ನೂ ಸೇರಿಸಿದನು; ತನ್ನ ‘ಸಂಗೀತರತ್ನಾಕರ’ದ ಏಳನೆಯದೂ ಕಡೆಯದೂ ಆದ ಅಧ್ಯಾಯವನ್ನು ನರ್ತನಕ್ಕೆ ಮೀಸಲಾಗಿಟ್ಟನು. ಹೀಗಿರುವಾಗ ಸಂಗೀತದಲ್ಲಿ ಕಿವಿಯಂತೆ ಕಣ್ಣಿಗೂ ಪಾಲುಂಟೆಂಬುದು ನಮಗೆ ಹೊಸ ಮಾತಲ್ಲ.

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ವನ್ನು ಬಲ್ಲವರಿಗೆ ಅದರ ಎರಡನೆಯ ಅಂಕವು ನೆನಪಿಗೆ ಬರುವುದು. ಗಣದಾಸ ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರಿಗೆ ತಮ್ಮಲ್ಲಿ ಯಾರು ಮೇಲೆಂಬ ಕಲಹ ಹತ್ತುತ್ತದೆ. ಪರಿವ್ರಾಜಿಕೆಯಾದ ಪಂಡಿತಕೌಶಿಕಿಯು ನ್ಯಾಯ ಹೇಳಲು ಕುಳಿತುಕೊಳ್ಳುತ್ತಾಳೆ. ಮಾಲವಿಕೆಯು ತಾನೇ ಹಾಡಿ, ಹಾಡಿದ್ದನ್ನು ತಾನೇ ಅಭಿನಯಿಸುತ್ತಾಳೆ. ನೋಡುವವರ ಸಾಲಿನಲ್ಲಿ ರಾಜನೂ ಇದ್ದಾನೆ. ಆದರೆ ಅವನಿಗೆ ಬೇಕಾದದ್ದು ಕಲೆಯಲ್ಲ. ಹಿಂದೆ ಚಿತ್ರಪಟವೊಂದರಲ್ಲಿ ಕಂಡು ಮನಸೋತ ಆ ಹುಡುಗಿಯನ್ನು ಕಣ್ತುಂಬ ನೋಡುವುದಕ್ಕಾಗಿಯೇ ಅವನ ವಿದೂಷಕನು ಈ ಸ್ಪರ್ಧೆಯ ಹೂಟವನ್ನು ಹೂಡಿದ್ದಾನೆ. ಕೌಶಿಕಿಯೋ, ಆಟಕ್ಕೆ ಮೊದಲೇ ಒಂದು ನಿಬಂಧನೆ ಹಾಕಿರುತ್ತಾಳೆ: ಅಂಗಗಳ ಚಲನೆ ಚೆನ್ನಾಗಿ ತೋರಬೇಕಾದ್ದರಿಂದ ವೇಷಭೂಷಣದ ಭಾರ ಕಡಮೆಯಿರಲಿ ಎಂದು. ಒಂದೇ ರಂಗದ ಮುಂದೆ ಇಬ್ಬರು ಪ್ರೇಕ್ಷಕರು: ಒಬ್ಬರಿಗೆ ರೂಪ ಬೇಕು, ಇನ್ನೊಬ್ಬರಿಗೆ ವಿದ್ಯೆ ಬೇಕು. ಕಾಣುವ ಹಾಡಿನ ಚರಿತ್ರೆಯುದ್ದಕ್ಕೂ ಈ ಇಬ್ಬರ ಎಳೆದಾಟವೇ ನಡೆದಿದೆಯೆಂದರೆ ತಪ್ಪಾಗದು.

ಮಾಲವಿಕೆಯಲ್ಲಿ ಒಂದಾಗಿದ್ದ ಕಂಠವನ್ನೂ ದೇಹವನ್ನೂ ಬೇರ್ಪಡಿಸಿದ್ದು ಯಂತ್ರ. ೧೮೭೭ರಲ್ಲಿ ಅಮೆರಿಕಾ ದೇಶದ ಎಡಿಸನ್ನನು ಫೋನೋಗ್ರಾಫನ್ನು ನಿರ್ಮಿಸಿದ ಮೇಲೆ ಹಾಡುವವನಿಲ್ಲದೆಯೇ ಹಾಡು ಮನೆಗೆ ಬರುವಂತಾಯಿತು. ಇದು ಅದ್ಭುತವೇ ಸರಿ. ಆದರೂ ಜನರ ಕಣ್ಣಿನ ಹಸಿವು ಹಿಂಗಲಿಲ್ಲ. ೧೮೯೪ರಲ್ಲಿ ನ್ಯೂಯಾರ್ಕಿನ ಇಬ್ಬರು ಹಾಡುಗಟ್ಟುವವರು ‘ದಿ ಲಿಟ್ಲ್ ಲಾಸ್ಟ್ ಚೈಲ್ಡ್’ ಎಂಬ ತಮ್ಮ ಹಾಡಿನ ಕಥೆಗೆ ತಕ್ಕ ಛಾಯಾಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ಮಾಡಿಸಿ, ಗಾಯಕನು ಹಾಡುತ್ತಿರುವಾಗ ಒಂದೊಂದಾಗಿ ದೀಪದ ಯಂತ್ರದಿಂದ ತೆರೆಯ ಮೇಲೆ ತೋರಿಸುವ ಏರ್ಪಾಡು ಮಾಡಿದರು. ಚಿತ್ರ ನೋಡಿದ ಜನ ಹಾಡಿನ ಸ್ವರಪತ್ರವನ್ನು ಕೊಂಡುಕೊಂಡರು. ಆರಂಭದಿಂದಲೂ ಕಾಣುವ ಹಾಡಿಗೆ ಅಂಗಡಿಯ ನಂಟು ಇದ್ದೇ ಇದೆಯೆಂಬುದಕ್ಕೆ ಇದು ಸಾಕ್ಷಿ.

೧೯೪೦ರಲ್ಲಿ ಷಿಕಾಗೋ ನಗರದ ಮಿಲ್ಸ್ ಎಂಬ ಸಂಸ್ಥೆಯು ಪ್ಯಾನೊರಾಮ್ ಎಂಬ ಪೆಟ್ಟಿಗೆಯನ್ನು ಹೊರತಂದಿತು. ಉಪಾಹಾರಗೃಹ ಪಾನಗೃಹಗಳಲ್ಲಿ ಇಟ್ಟಿದ್ದ ಈ ಪೆಟ್ಟಿಗೆಗೆ ಹತ್ತು ಸೆಂಟಿನ ನಾಣ್ಯ ಹಾಕಿದರೆ ಸುಮಾರು ಮೂರು ನಿಮಿಷದ ಹಾಡಿನ ಚಿತ್ರವೊಂದು ಒಳಗಿನ ಕನ್ನಡಿಗಳಿಂದ ಪ್ರತಿಫಲಿಸಿ ತೆರೆಯ ಮೇಲೆ ಮೂಡುತ್ತಿತ್ತು. ಸುರುಳಿಯಲ್ಲಿ ಎಂಟು ಹಾಡು. ಸರದಿಯಲ್ಲಿ ಬಂದದ್ದನ್ನು ನೋಡಬೇಕಲ್ಲದೆ ಬೇಕಾದ್ದನ್ನು ಆರಿಸಿಕೊಳ್ಳುವಂತಿರಲಿಲ್ಲ. ಸೌಂಡೀಸ್ ಎಂಬ ಹೆಸರಿನ ಇಂಥ ಚಿತ್ರಗಳು ೧೮೦೦ಕ್ಕಿಂತ ಹೆಚ್ಚಾಗಿ ತಯಾರಾದವು. ದೊಡ್ಡ ಸಿನಿಮಾಗಳಲ್ಲಿ ಸ್ಥಳ ದೊರೆಯದಿದ್ದ ಎಷ್ಟೋ ಮಂದಿ ಕಪ್ಪು ಜನಾಂಗದ ಗಾಯಕರ ಮತ್ತು ನರ್ತಕರ ಕಲೆ ಇವುಗಳಲ್ಲಿಯೇ ಉಳಿದು ಬಂದಿದೆ. ಕೆಲವು ವರ್ಷಗಳಲ್ಲಿಯೇ ಆ ಉದ್ಯಮ ನಿಂತುಹೋಯಿತು. ೧೯೬೦ರ ಸುಮಾರಿಗೆ ಫ್ರಾನ್ಸಿನವರು ಸ್ಕೋಪಿಟೋನ್ ಎಂಬ ಯಂತ್ರದಲ್ಲಿ ಅದೇ ಉಪಾಯವನ್ನು ಬಣ್ಣದ ಚಿತ್ರಗಳೊಡನೆ, ಆರಿಸಿಕೊಳ್ಳುವ ಸೌಕರ್ಯದೊಡನೆ ಮತ್ತೆ ಹೂಡಿದರು.

ಟೆಲಿವಿಷನ್ನು ಮನೆಮನೆಗೆ ಬಂದಮೇಲೆ ನಾಣ್ಯದ ಪೆಟ್ಟಿಗೆಯ ಅಗತ್ಯ ತಪ್ಪಿತು. ಇಂಗ್ಲೆಂಡಿನ ಬೀಟಲ್ಸ್ ತಂಡದವರಿಗೆ ಎಲ್ಲ ದೇಶಗಳ ಟೆಲಿವಿಷನ್ ನಿಲಯಗಳಿಗೂ ಹೋಗಿ ಹಾಡಲು ಪುರುಸೊತ್ತಿರಲಿಲ್ಲ. ೧೯೬೬ರಲ್ಲಿ ‘ಪೇಪರ್‌ಬ್ಯಾಕ್ ರೈಟರ್’, ‘ರೇನ್’ ಎಂಬ ಹಾಡುಗಳಿಗೆ ಚಿತ್ರ ತೆಗೆಸಿ ಅವನ್ನೇ ಕಳುಹಿಸಿಕೊಟ್ಟರು. ಖುದ್ದಾಗಿ ಹೋಗಲಾಗದವನು ಕಾಗದ ಬರೆದು ಹಾಕಿದಂತೆ ಆಯಿತು. ೧೯೭೫ರಲ್ಲಿ ಕ್ವೀನ್ ತಂಡದವರು ಸುಮಾರು ಆರು ನಿಮಿಷದ ‘ಬೊಹೆಮಿಯನ್ ರ್‍ಯಾಪ್ಸಡಿ’ಗೆ ಮಾಡಿಸಿದ ಚಿತ್ರವು ಹಾಡಿಗಿಂತ ಕಡಮೆಯಿಲ್ಲದಂತೆ ಹೆಸರಾಯಿತು. ಕಡೆಗೆ ೧೯೮೧ರ ಆಗಸ್ಟ್ ೧ರಂದು ಅಮೆರಿಕಾದಲ್ಲಿ ಹಗಲಿರುಳೂ ಕಾಣುವ ಹಾಡುಗಳನ್ನೇ ಬಿತ್ತರಿಸುವ ಎಂಟೀವಿ ಎಂಬ ವಾಹಿನಿ ಪ್ರಾರಂಭವಾಯಿತು. ಅದು ಮೊಟ್ಟಮೊದಲು ತೋರಿಸಿದ ಹಾಡು ‘ವಿಡಿಯೋ ಕಿಲ್ಡ್ ದಿ ರೇಡಿಯೋ ಸ್ಟಾರ್’. ರೇಡಿಯೋ ತಾರೆಯನ್ನು ವಿಡಿಯೋ ಕೊಂದಿತೆಂದು ಅದರ ಹೆಸರಿನ ಅರ್ಥ. ಈ ವಾಹಿನಿಯ ಲೆಕ್ಕಾಚಾರವನ್ನು ಗೃಹಸ್ಥರು ತಿಳಿದಿರುವುದು ಮೇಲು. ರೆಕಾರ್ಡು ಕಂಪೆನಿಗಳು ತಮ್ಮ ಸರಕಿನ ಪ್ರಚಾರಕ್ಕಾಗಿ ಸ್ವಂತ ಖರ್ಚಿನಿಂದ ಚಿತ್ರಗಳನ್ನು ಮಾಡಿಸಿ ಪುಕ್ಕಟೆಯಾಗಿ ಕೊಟ್ಟವು. ವಾಹಿನಿಯು ಅವುಗಳನ್ನೇ ಕಾರ್ಯಕ್ರಮವಾಗಿ ತೋರಿಸಿತು. ನೋಡುವವನಿಗೆ ವಿನೋದವಾಗಿದ್ದದ್ದು ಮಾಡಿಸಿದವನಿಗೆ ಜಾಹೀರಾತಾಗಿತ್ತು.

ಇಲ್ಲಿಂದ ಮುಂದೆ ಹಾಡುವವನಿಗೆ ಕಂಠವಿದ್ದರೆ ಸಾಲದಾಯಿತು, ಮುಖವೂ ಬೇಕಾಯಿತು. ಯಾರ ಮುಖ ಎಂಬ ಪ್ರಶ್ನೆಯೂ ಕೂಡಲೇ ಎದ್ದಿತು. ಮೊದಲ ವರ್ಷಗಳಲ್ಲಿ ಎಂಟೀವಿಯಲ್ಲಿ ಕಪ್ಪು ಜನಾಂಗದವರ ಹಾಡುಗಳು ತೀರ ವಿರಳವಾಗಿದ್ದವು. ಇಂಗ್ಲೆಂಡಿನ ಗಾಯಕ ಡೇವಿಡ್ ಬೋವೀ ೧೯೮೩ರಲ್ಲಿ ಅದೇ ವಾಹಿನಿಯ ಸಂದರ್ಶನದಲ್ಲಿ ಕುಳಿತು, ಇದಕ್ಕೆ ಕಾರಣವೇನೆಂದು ಸಂದರ್ಶಕನನ್ನೇ ಮುಖಾಮುಖಿಯಾಗಿ ಕೇಳಿದನು. ಆ ವರ್ಷವೇ ಮೈಕೇಲ್ ಜಾಕ್ಸನ್ನನ ‘ಬಿಲ್ಲೀ ಜೀನ್’ ಅಲ್ಲಿ ಮೇಲಿಂದ ಮೇಲೆ ಕಾಣಿಸಿಕೊಂಡು ಆ ಗೋಡೆಯಲ್ಲಿ ದೊಡ್ಡ ಬಿರುಕನ್ನುಂಟುಮಾಡಿತು. ‘ಬೀಟ್ ಇಟ್’ ಅದನ್ನು ಹಿಂಬಾಲಿಸಿತು. ಡಿಸೆಂಬರ್ ೨ರಂದು ಸುಮಾರು ಹದಿನಾಲ್ಕು ನಿಮಿಷದ ‘ಥ್ರಿಲ್ಲರ್’ ಬಂದಿತು. ಒಬ್ಬನ ಹಿಂದೆ ಇಪ್ಪತ್ತು ಮಂದಿ ಒಂದೇ ತಾಳದಲ್ಲಿ ಕುಣಿಯುವ ಮಾದರಿಗೆ ಇವೆರಡೂ ಲೋಕವನ್ನೇ ಒಗ್ಗಿಸಿದವು. ಎರಡಕ್ಕೂ ನೃತ್ಯವನ್ನು ಕಟ್ಟಿದವನು ಮೈಕೇಲ್ ಪೀಟರ್ಸ್. ೨೦೦೯ರಲ್ಲಿ ಅಮೆರಿಕಾದ ಲೈಬ್ರರಿ ಆಫ್ ಕಾಂಗ್ರೆಸ್ಸಿನವರು ತಮ್ಮ ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಗೆ ‘ಥ್ರಿಲ್ಲರ್’ ಅನ್ನು ಸೇರಿಸಿಕೊಂಡರು. ಆ ಗೌರವಕ್ಕೆ ಪಾತ್ರವಾದ ಮೊದಲನೆಯ ಕಾಣುವ ಹಾಡು ಅದು.

ಕುಣಿತವನ್ನು ಕ್ಯಾಮರಾ ಹೇಗೆ ತೋರಿಸತಕ್ಕದ್ದೆಂಬ ವಿಚಾರದಲ್ಲಿಯೂ ಎರಡು ಪಂಥಗಳುಂಟು. ಹಾಲಿವುಡ್ಡಿನ ಹಿರಿಯ ನರ್ತಕ ಫ್ರೆಡ್ ಆಸ್ಟೇರ್ ೧೯೩೦ರ ದಶಕದಿಂದಲೂ ಒಂದು ನಿಯಮ ಹಿಡಿದಿದ್ದನು: ಅಡಿಯಿಂದ ಮುಡಿಯವರೆಗೆ ದೇಹವೆಲ್ಲ ಕಾಣಬೇಕು, ಚಿತ್ರವನ್ನು ಆದಷ್ಟು ಕಡಮೆ ಕತ್ತರಿಸಬೇಕು. ಪಂಡಿತಕೌಶಿಕಿಯ ನಿಬಂಧನೆಯೇ ಇದು, ಬೇರೊಂದು ಯುಗದ ವೇಷದಲ್ಲಿ. ಕಾಣುವ ಹಾಡುಗಳಲ್ಲಿ ಬಹುಪಾಲು ಇನ್ನೊಂದು ಪಂಥವನ್ನು ಹಿಡಿದವು: ಕ್ಷಣಕ್ಕೊಂದು ತುಂಡು, ಇಲ್ಲಿ ಕಣ್ಣು, ಅಲ್ಲಿ ಕಾಲು. ಇದರಲ್ಲಿ ವೇಗವಿದೆ, ಬೆರಗಿದೆ, ಕೆಲವೊಮ್ಮೆ ಕಲೆಯೂ ಇದೆ. ಆದರೆ ಕುಣಿಯಲು ಬಾರದವನನ್ನೂ ಇದು ನರ್ತಕನನ್ನಾಗಿ ತೋರಿಸಬಲ್ಲದು. ಒಬ್ಬರ ಮುಖವನ್ನು ಇನ್ನೊಬ್ಬರ ಮೈಗೆ ಅಂಟಿಸಬಲ್ಲದು. ೧೯೮೩ರ ‘ಫ್ಲ್ಯಾಷ್‌ಡಾನ್ಸ್’ ಚಿತ್ರದಲ್ಲಿ ನಾಯಿಕೆಗೆ ಬದಲಾಗಿ ಬಹುಮಟ್ಟಿಗೆ ಕುಣಿದವಳು ಮರೀನ್ ಜಹಾನ್ ಎಂಬ ಫ್ರೆಂಚ್ ನರ್ತಕಿ. ಚಿತ್ರದಲ್ಲಿ ಕೊಟ್ಟ ಹೆಸರುಗಳ ಪಟ್ಟಿಯಲ್ಲಿ ಆಕೆಯ ಹೆಸರಿರಲಿಲ್ಲ. ಆ ಚಿತ್ರದ ತುಣುಕುಗಳನ್ನೇ ಜೋಡಿಸಿ ಮಾಡಿದ ‘ಮೇನಿಯಾಕ್’ ಎಂಬ ಹಾಡು ಎಂಟೀವಿಯಲ್ಲಿ ಮೆರೆಯಿತು.

ಕುಣಿತಕ್ಕೆಂದೇ ಕಟ್ಟಿದ ಯಂತ್ರಸಂಗೀತದಲ್ಲಿ ಈ ತೊಡಕು ಮತ್ತಷ್ಟು ಬಿಗಿಯಾಯಿತು. ಅದನ್ನು ಕಟ್ಟುವವನು ಕೋಣೆಯಲ್ಲಿ ಯಂತ್ರಗಳ ಮುಂದೆ ಕುಳಿತವನು. ತೆರೆಯ ಮೇಲೆ ತೋರಿಸುವುದಕ್ಕೆ ಅವನಲ್ಲಿ ಏನೂ ಇಲ್ಲ. ಹಾಗಾದರೆ ಏನನ್ನು ತೋರಿಸುವುದು? ಕೆಲವರು ಸುಲಭವಾದ ದಾರಿ ಹಿಡಿದರು: ಚೆಲುವಾದ ಮುಖವೊಂದನ್ನು ಎರವು ತಂದರು.

ಮಾರ್ಥಾ ವಾಷ್ ಎಂಬಾಕೆಯ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಆಕೆ ಸಿರಿಕಂಠದ ಗಾಯಕಿ. ೧೯೮೨ರ ‘ಇಟ್ಸ್ ರೇನಿಂಗ್ ಮೆನ್’ ಹಾಡಿದ ಇಬ್ಬರಲ್ಲಿ ಒಬ್ಬಳು. ೧೯೯೦ರಲ್ಲಿ ಇಟಲಿಯ ಬ್ಲ್ಯಾಕ್ ಬಾಕ್ಸ್ ತಂಡದ ‘ಎವ್ರಿಬಡಿ ಎವ್ರಿಬಡಿ’ ಎಂಬ ಹಾಡಿನಲ್ಲಿ ಕೇಳಿಸುತ್ತಿದ್ದ ದನಿ ಆಕೆಯದು. ಚಿತ್ರದಲ್ಲಿ ತುಟಿಯಾಡಿಸುತ್ತಿದ್ದವಳು ಬೇರೊಬ್ಬ ರೂಪದರ್ಶಿ. ಅದೇ ವರ್ಷ ಅಮೆರಿಕಾದ ಸಿ ಅಂಡ್ ಸಿ ಮ್ಯೂಸಿಕ್ ಫ್ಯಾಕ್ಟರಿ ಎಂಬ ತಂಡದ ‘ಗೊನ್ನ ಮೇಕ್ ಯೂ ಸ್ವೆಟ್’ ಎಂಬ ಹಾಡಿನಲ್ಲಿಯೂ ಹಾಗೆಯೇ ನಡೆಯಿತು. ೧೯೯೧ರ ಫೆಬ್ರವರಿಯಲ್ಲಿ ಅದು ಅಮೆರಿಕಾದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಕೋಟ್ಯಂತರ ಜನರನ್ನು ಕುಣಿಸಿದ ಕಂಠದ ಒಡತಿ ಮನೆಯಲ್ಲಿ ಕುಳಿತು, ತನ್ನ ದನಿ ಮತ್ತೊಬ್ಬರ ಬಾಯಿಂದ ಹೊರಡುವುದನ್ನು ನೋಡಬೇಕಾಯಿತು. ವಾಷ್ ದುಂಡುಮೈಯವಳು, ತೆರೆಗೆ ಬೇಕಾದದ್ದು ತೆಳುಮೈ. ತೆರೆಯ ಮೇಲೆ ಕಂಡ ಯುವತಿಯರನ್ನು ದೂಷಿಸಬೇಕಾದ ಕಾರಣವಿಲ್ಲ. ಹೂಟ ಹೂಡಿದವರು ಬೇರೆ. ವಾಷ್ ನ್ಯಾಯಾಲಯದ ಮೆಟ್ಟಲು ಹತ್ತಿದಳು. ರಾಜಿಯಾಗಿ ಆಕೆಗೆ ಸಲ್ಲಬೇಕಾದ ಹೆಸರೂ ಹಣವೂ ಸಂದವು. ಹಾಡಿದವರ ಹೆಸರನ್ನು ಸ್ಪಷ್ಟವಾಗಿ ಅಚ್ಚುಮಾಡುವ ವಿಷಯದಲ್ಲಿ ರೆಕಾರ್ಡು ಕಂಪೆನಿಗಳು ಎಚ್ಚರಗೊಳ್ಳುವುದಕ್ಕೆ ಆಕೆಯ ಹೋರಾಟವೂ ಒಂದು ಕಾರಣ. ಆ ಕಾಲದಲ್ಲಿಯೇ, ೧೯೯೦ರ ನವೆಂಬರಿನಲ್ಲಿ, ಮಿಲ್ಲಿ ವನಿಲ್ಲಿ ಎಂಬ ಜೋಡಿಯು ತಮ್ಮ ರೆಕಾರ್ಡಿನಲ್ಲಿ ತಾವು ಹಾಡಿಯೇ ಇರಲಿಲ್ಲವೆಂಬುದು ಬಯಲಾಗಿ, ಅವರಿಗೆ ಕೊಟ್ಟಿದ್ದ ಗ್ರ್ಯಾಮಿ ಪ್ರಶಸ್ತಿಯನ್ನು ಹಿಂದೆಗೆದುಕೊಂಡರು.

“ನಮ್ಮ ಸಿನಿಮಾದಲ್ಲಿ ದಿನವೂ ನಡೆಯುವುದು ಇದೇ ಅಲ್ಲವೆ? ಒಬ್ಬರು ಹಾಡುತ್ತಾರೆ, ಒಬ್ಬರು ತುಟಿಯಾಡಿಸುತ್ತಾರೆ” ಎಂದು ವಾಚಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಉತ್ತರವನ್ನು ನಮ್ಮ ಯಕ್ಷಗಾನದ ರಂಗಸ್ಥಳದಲ್ಲಿ ಹುಡುಕೋಣ. ಅಲ್ಲಿ ಪದ ಹೇಳುವವನು ಭಾಗವತ, ಹೆಜ್ಜೆ ಹಾಕುವವನು ವೇಷಧಾರಿ. ಕಂಠ ಒಬ್ಬನದು, ದೇಹ ಇನ್ನೊಬ್ಬನದು. ಆದರೆ ಭಾಗವತನು ರಂಗದ ಮೇಲೆಯೇ, ಎಲ್ಲರ ಕಣ್ಣೆದುರಿಗೆ, ತಾಳ ಹಿಡಿದು ಆಟವನ್ನು ನಡೆಸುತ್ತಿರುತ್ತಾನೆ. ಆತನಿಗೇ ಮೊದಲ ಮರ್ಯಾದೆ. ಕೆಲಸವನ್ನು ಹಂಚಿಕೊಂಡದ್ದು ದೋಷವಲ್ಲ. ಹಂಚಿಕೊಂಡವನನ್ನು ಬಚ್ಚಿಟ್ಟದ್ದು ದೋಷ. ಭಾರತದ ಸಿನಿಮಾವೂ ಈ ಪಾಠವನ್ನು ಕಷ್ಟದಿಂದಲೇ ಕಲಿಯಿತು. ೧೯೪೯ರ ‘ಮಹಲ್’ ಎಂಬ ಹಿಂದೀ ಚಿತ್ರದಲ್ಲಿ ಲತಾ ಮಂಗೇಶ್ಕರ್ ಹಾಡಿದ ಪ್ರಸಿದ್ಧ ಗೀತೆಯ ರೆಕಾರ್ಡಿನ ಮೇಲೆ ಗಾಯಕಿಯ ಹೆಸರಿಗೆ ಬದಲಾಗಿ ಕಥೆಯ ಪಾತ್ರವಾದ ‘ಕಾಮಿನಿ’ಯ ಹೆಸರಿತ್ತು. ಹಾಡಿದವರಾರೆಂದು ಕೇಳುಗರು ರೇಡಿಯೋ ನಿಲಯವನ್ನು ಕೇಳಿದ ಮೇಲೆ ನಿಜವಾದ ಹೆಸರು ಹೊರಬಂದಿತು. ಕೇಳುವವರು ಪ್ರಶ್ನೆ ಮಾಡಿದ್ದರಿಂದ ನ್ಯಾಯ ದೊರೆಯಿತೆಂಬುದನ್ನು ಗೃಹಸ್ಥರು ಗುರುತಿಸಬೇಕು.

ಇನ್ನು ಕೆಲವರು ಮುಖವನ್ನು ಎರವು ತರದೆ ಎರಡನೆಯ ದಾರಿಯೊಂದನ್ನು ಕಂಡುಹಿಡಿದರು. ಅದು ಕಷ್ಟದ ದಾರಿ, ಆದರೆ ನೇರವಾದದ್ದು: ಸಂಗೀತವನ್ನೇ ಕಣ್ಣಿಗೆ ಕಾಣುವಂತೆ ಮಾಡುವುದು. ೧೯೯೭ರಲ್ಲಿ ಪ್ಯಾರಿಸ್ಸಿನ ಡಾಫ್ಟ್ ಪಂಕ್ ಎಂಬ ಜೋಡಿಯ ‘ಅರೌಂಡ್ ದಿ ವರ್ಲ್ಡ್’ ಎಂಬ ಹಾಡಿಗೆ ಮಿಷೆಲ್ ಗೊಂಡ್ರಿ ಎಂಬಾತನು ಮಾಡಿದ ಚಿತ್ರ ಇದಕ್ಕೆ ಉತ್ತಮವಾದ ಉದಾಹರಣೆ. ನೃತ್ಯವನ್ನು ಕಟ್ಟಿದವಳು ಬ್ಲಾಂಕಾ ಲೀ. ಹಾಡಿನಲ್ಲಿ ಮಾತೆಂಬುದು ಹೆಸರಿನಲ್ಲಿರುವಷ್ಟೇ. ಅದನ್ನೇ ಮತ್ತೆ ಮತ್ತೆ ಹೇಳುತ್ತದೆ. ದೃಶ್ಯವೂ ಸರಳ: ದುಂಡಾದ ರೆಕಾರ್ಡಿನಂಥ ವೇದಿಕೆ, ಎರಡು ಮೆಟ್ಟಲಸಾಲು, ಐದು ಗುಂಪು ನರ್ತಕರು. ಯಂತ್ರಮಾನವರ ವೇಷದವರು ಹಾಡುವ ದನಿಗೆ ತಕ್ಕಂತೆ ಸುತ್ತಲೂ ನಡೆಯುತ್ತಾರೆ. ಎತ್ತರದ ಆಟಗಾರರು ಮಂದ್ರದ ತಂತಿಯ ಏರಿಳಿತಕ್ಕೆ ಸರಿಯಾಗಿ ಮೆಟ್ಟಲು ಹತ್ತಿ ಇಳಿಯುತ್ತಾರೆ. ಈಜುಗಾರ್ತಿಯರ ಉಡುಪಿನ ಹುಡುಗಿಯರು ಮೇಲಿನ ಸ್ಥಾಯಿಯ ಕೀಲಿಮಣೆಗೆ ಹೆಜ್ಜೆ ಹಾಕುತ್ತಾರೆ. ಎಲುಬುಗೂಡಿನ ವೇಷದವರು ಗಿಟಾರಿಗೆ, ಬಟ್ಟೆ ಸುತ್ತಿದ ಈಜಿಪ್ಟಿನ ಶವಗಳ ವೇಷದವರು ತಾಳಯಂತ್ರಕ್ಕೆ ಕುಣಿಯುತ್ತಾರೆ. ವಾದ್ಯ ನಿಂತರೆ ಆ ಗುಂಪು ನಿಲ್ಲುತ್ತದೆ. ವಾದ್ಯ ಮತ್ತೆ ಬಂದರೆ ಗುಂಪೂ ಮತ್ತೆ ಚಲಿಸುತ್ತದೆ. ಒಟ್ಟಾಗಿ ಗದ್ದಲವೆಂದು ತೋರುವ ಆ ಸಂಗೀತದಲ್ಲಿ ಐದು ಎಳೆಗಳಿವೆಯೆಂಬುದನ್ನು ಕಣ್ಣು ಕಿವಿಗೆ ಬಿಡಿಸಿ ತೋರಿಸುತ್ತದೆ. ಪಾಠ ಹೇಳಿದ ಅನುಭವವುಳ್ಳವರಿಗೆ ಇದರ ಬೆಲೆ ಗೊತ್ತು. ಕರ್ತೃ, ಕರ್ಮ, ಕ್ರಿಯೆಗಳನ್ನು ಬಿಡಿಸಿ ಅನ್ವಯ ಹೇಳಿದಂತೆಯೇ ಇದು.

ಅದೇ ಗೊಂಡ್ರಿಯು ೨೦೦೨ರಲ್ಲಿ ಕೆಮಿಕಲ್ ಬ್ರದರ್ಸ್ ಎಂಬ ಇಂಗ್ಲೆಂಡಿನ ಜೋಡಿಯ ‘ಸ್ಟಾರ್ ಗಿಟಾರ್’ ಎಂಬ ಹಾಡಿಗೆ ನರ್ತಕರನ್ನೂ ಬಿಟ್ಟು ಬರಿಯ ರೈಲುಪ್ರಯಾಣವನ್ನು ತೋರಿಸಿದನು. ಫ್ರಾನ್ಸಿನ ನೀಮ್ ಮತ್ತು ವಾಲಾನ್ಸ್ ಊರುಗಳ ನಡುವೆ ತೆಗೆದ ಚಿತ್ರ ಅದು. ಕಿಟಕಿಯ ಹೊರಗೆ ಕಂಬ, ಸೇತುವೆ, ಮನೆ, ಕಾರ್ಖಾನೆಗಳು ಸರಿದುಹೋಗುತ್ತವೆ. ಸ್ವಲ್ಪ ಹೊತ್ತಾದ ಮೇಲೆ, ಒಂದೊಂದು ತಾಳಕ್ಕೂ ಒಂದೊಂದು ವಸ್ತು ಬರುತ್ತಿದೆಯೆಂಬುದು ಹೊಳೆಯುತ್ತದೆ. ಇನ್ನು ೨೦೦೧ರಲ್ಲಿ ಫ್ಯಾಟ್‌ಬಾಯ್ ಸ್ಲಿಮ್ ಎಂಬಾತನ ‘ವೆಪನ್ ಆಫ್ ಚಾಯ್ಸ್’ ಎಂಬ ಹಾಡಿಗೆ ನಟ ಕ್ರಿಸ್ಟೊಫರ್ ವಾಕೆನ್ ನಿರ್ಜನವಾದ ಹೋಟೆಲಿನ ಹಜಾರದಲ್ಲಿ ಕುಣಿದನು. ಬಾಲ್ಯದಲ್ಲಿ ನೃತ್ಯ ಕಲಿತಿದ್ದ ಅವನಿಗೆ ಆಗ ಅರುವತ್ತು ಸಮೀಪಿಸಿತ್ತು. ಹುಬ್ಬು ಗಂಟಿಕ್ಕಿದ ಮುಖ, ಸಾಧಾರಣವಾದ ಅಂಗಿ. ಅದನ್ನು ನೋಡಿ ಸಂತೋಷಪಡದವರು ಕಡಮೆ. ಅಲ್ಲಿ ರಾಜನಿಗೆ ಬೇಕಾದದ್ದೇನೂ ಇಲ್ಲ. ಕೌಶಿಕಿಗೆ ಬೇಕಾದದ್ದೆಲ್ಲ ಇದೆ.

೨೦೦೫ರಲ್ಲಿ ಯೂಟ್ಯೂಬ್ ಬಂದಮೇಲೆ ವಾಹಿನಿಗಳ ದ್ವಾರಪಾಲಕತ್ವ ಮುರಿಯಿತು. ೨೦೧೨ರಲ್ಲಿ ಕೊರಿಯಾ ದೇಶದ ಸೈ ಎಂಬಾತನು ಕುದುರೆ ಸವಾರಿಯ ಭಂಗಿಯಲ್ಲಿ ಕುಣಿದ ‘ಗಂಗ್ನಮ್ ಸ್ಟೈಲ್’ ಆ ವೇದಿಕೆಯಲ್ಲಿ ನೂರು ಕೋಟಿ ಸಲ ನೋಡಲ್ಪಟ್ಟ ಮೊದಲ ವಿಡಿಯೋ ಆಯಿತು. ತರುವಾಯ ಟಿಕ್‌ಟಾಕ್ ಮೊದಲಾದವು ಬಂದು ಹಾಡನ್ನು ಹದಿನೈದು ಸೆಕೆಂಡಿನ ತುಣುಕಾಗಿಸಿದವು, ನೋಡುತ್ತಿದ್ದವರೇ ಕುಣಿಯತೊಡಗಿದರು. ನಮ್ಮ ದೇಶದಲ್ಲಿ ಟಿಕ್‌ಟಾಕನ್ನು ೨೦೨೦ರ ಜೂನಿನಲ್ಲಿ ನಿಷೇಧಿಸಿದರೂ ಆ ಪದ್ಧತಿ ಬೇರೆ ಹೆಸರುಗಳಲ್ಲಿ ಉಳಿದುಕೊಂಡಿತು. ಹಳೆಯ ಅನ್ಯಾಯವೂ ಉಳಿಯಿತು. ೨೦೧೯ರಲ್ಲಿ ಅಮೆರಿಕಾದ ಅಟ್ಲಾಂಟಾ ನಗರದ ಬಳಿಯ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕಟ್ಟಿದ ‘ರೆನಿಗೇಡ್’ ಎಂಬ ಕುಣಿತವನ್ನು ಲಕ್ಷಾಂತರ ಜನ ಕುಣಿದರು. ಅದರಿಂದ ಬೇರೆಯವರು ಪ್ರಸಿದ್ಧರಾದರು. ಕಟ್ಟಿದವಳು ಆ ಮಗುವೆಂದು ಲೋಕಕ್ಕೆ ತಿಳಿದದ್ದು ೨೦೨೦ರಲ್ಲಿ ಪತ್ರಿಕೆಯವರು ಬರೆದ ಮೇಲೆ. ಮೊದಲು ಕಂಠಕ್ಕೆ ಹೆಸರು ತಪ್ಪಿತ್ತು. ಈಗ ಹೆಜ್ಜೆಗೆ ತಪ್ಪಿತು.

ಈ ಕಾರಣದಿಂದ ಕಾಣುವ ಹಾಡನ್ನು ಮನೆಯಿಂದ ಹೊರಗಟ್ಟಿರೆಂದು ಹೇಳುವ ಉದ್ದೇಶ ನಮ್ಮದಲ್ಲ. ಅದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಎರಡು ಚಿಕ್ಕ ಅಭ್ಯಾಸಗಳನ್ನು ಮಾತ್ರ ಸೂಚಿಸುತ್ತೇವೆ. ಹೊಸ ಹಾಡು ಮನೆಗೆ ಬಂದಾಗ ಮೊದಲ ಸಲ ತೆರೆಯನ್ನು ಮಗುಚಿಟ್ಟು ಕೇಳಿರಿ. ಎರಡನೆಯ ಸಲ ನೋಡಿರಿ. ಚಿತ್ರವು ಕಿವಿಗೆ ಸಿಕ್ಕದ್ದನ್ನು ಬಿಡಿಸಿ ತೋರಿಸಿತೆ, ಅಥವಾ ಕಿವಿಯಲ್ಲಿದ್ದುದನ್ನೂ ಕಸಿದುಕೊಂಡಿತೆ ಎಂಬುದು ಆಗಲೇ ತಿಳಿಯುತ್ತದೆ. ಎರಡನೆಯದಾಗಿ, ಮಕ್ಕಳು ಯಾವುದಾದರೂ ಹಾಡನ್ನು ತೋರಿಸಲು ಓಡಿಬಂದರೆ, ನೋಡಿ ಸಂತೋಷಪಟ್ಟ ಮೇಲೆ ಮೂರು ಪ್ರಶ್ನೆ ಕೇಳಿರಿ: ಹಾಡಿದವರಾರು? ನುಡಿಸಿದವರಾರು? ಕುಣಿತವನ್ನು ಕಟ್ಟಿದವರಾರು? ಮಕ್ಕಳಿಗೆ ಗೊತ್ತಿಲ್ಲದಿದ್ದರೆ ಹುಡುಕಿ ಹೇಳಲಿ. ಹುಡುಕುವ ಸಾಧನ ಅವರ ಕೈಯಲ್ಲಿಯೇ ಇದೆ. ತಾವೇ ಕುಣಿದು ಚಿತ್ರ ತೆಗೆದು ಹಂಚುವ ಮಕ್ಕಳಾದರೆ, ಯಾರಿಂದ ಕಲಿತರೋ ಅವರ ಹೆಸರನ್ನು ಕೆಳಗೆ ಬರೆಯುವುದನ್ನು ಕಲಿಸಿರಿ. ಋಣವನ್ನು ಒಪ್ಪಿಕೊಳ್ಳುವ ಈ ಅಭ್ಯಾಸವು ಹಾಡಿನ ವಿಷಯದಲ್ಲಿ ಮೊದಲಾದರೂ ಅಲ್ಲಿಗೇ ನಿಲ್ಲಲಾರದು.